‘ಪಿಕ್ಡ್ ಇಟ್ ಅಪ್’ ಸರಿ, ‘ಪಿಕ್ಡ್ ಅಪ್ ಇಟ್’ ತಪ್ಪು. ಯಾಕೆ ಅಂತ ಮಕ್ಕಳಿಗೆ ಹೇಗೆ ಹೇಳೋದು?

ಬೆಣ್ಣೆದೋಸೆ ಟೀಚರ್, ದಾವಣಗೆರೆ

ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಸಂಜೆ ಇಂಗ್ಲಿಷ್ ಟ್ಯೂಷನ್ ಹೇಳಿಕೊಡುತ್ತೇನೆ. ಬೋರ್ಡ್ ಮೇಲೆ ಬರೆದದ್ದು ಇಷ್ಟು: ‘ಶಿ ಪಿಕ್ಡ್ ಅಪ್ ದ ಬುಕ್’ ಸರಿ. ‘ಶಿ ಪಿಕ್ಡ್ ದ ಬುಕ್ ಅಪ್’, ಇದೂ ಸರಿ. ಬುಕ್ ತೆಗೆದು ‘ಇಟ್’ ಹಾಕಿದರೆ ಮಾತ್ರ ‘ಪಿಕ್ಡ್ ಇಟ್ ಅಪ್’ ಅಂತಲೇ ಬರೆಯಬೇಕು. ‘ಪಿಕ್ಡ್ ಅಪ್ ಇಟ್’ ಅಂದರೆ ಮಾರ್ಕ್ಸ್ ಹೋಯಿತು.

ಇಲ್ಲಿಯವರೆಗೆ ಮಕ್ಕಳು ಸುಮ್ನೆ ಬರೆದುಕೊಂಡರು. ಮುಂದಿನ ಸಾಲಿಗೆ ಗಲಾಟೆ ಶುರುವಾಯಿತು. ‘ಶಿ ಲುಕ್ಡ್ ಆಫ್ಟರ್ ಇಟ್’ ಸರಿ, ‘ಶಿ ಲುಕ್ಡ್ ಇಟ್ ಆಫ್ಟರ್’ ತಪ್ಪು. ಪೂರ್ತಿ ಉಲ್ಟಾ ಅಲ್ವಾ? ಒಬ್ಬ ಹುಡುಗ, ‘ಮಿಸ್, ಇದು ಪಾಸ್ಟ್ ಟೆನ್ಸ್ ಆಗಿದ್ದಕ್ಕಾ?’ ಅಂತ ಕೇಳಿದ. ಗೈಡಿನಲ್ಲಿ ಎರಡು ಪಟ್ಟಿ ಕೊಟ್ಟು ಬಾಯಿಪಾಠ ಮಾಡಿ ಅಂದಿದ್ದಾರೆ. ಪಟ್ಟಿ ಇಲ್ಲದೆ, ಬುದ್ಧಿಗೆ ಹತ್ತುವ ಹಾಗೆ ಹೇಳೋಕೆ ದಾರಿ ಇದೆಯಾ?

ಸಾಧನಕೇರಿ ಮಾಸ್ತರ

ಮೊದಲು ಆ ಹುಡುಗನ ಪ್ರಶ್ನೆಗೆ ಉತ್ತರ. ಪಾಸ್ಟ್ ಟೆನ್ಸಿಗೂ ಇದಕ್ಕೂ ಸಂಬಂಧ ಇಲ್ಲ. ‘ಪಿಕ್ ಇಟ್ ಅಪ್’, ‘ಪಿಕಿಂಗ್ ಇಟ್ ಅಪ್’, ‘ಪಿಕ್ಡ್ ಇಟ್ ಅಪ್’, ‘ಹ್ಯಾಸ್ ಪಿಕ್ಡ್ ಇಟ್ ಅಪ್’. ನಾಲ್ಕರಲ್ಲೂ ‘ಇಟ್’ ಕೂತ ಜಾಗ ಒಂದೇ. ಕೊನೆಗೆ ‘ಇಡಿ’ (-ed) ಸೇರಲಿ, ‘ಕೇಮ್’ ‘ಗೇವ್’ ಥರ ಇಡೀ ಪದವೇ ಬದಲಾಗಲಿ, ಜಾಗ ಕದಲುವುದಿಲ್ಲ. ಆದರೂ ಹುಡುಗ ಕೇಳಿದ್ದು ಛಲೋ ಪ್ರಶ್ನೆ. ಮಕ್ಕಳಿಗೆ ಇದೆಲ್ಲ ಎದುರಾಗುವುದೇ ಕಥೆ, ಪತ್ರ, ವರದಿ ಬರೆಯುವಾಗ, ಅಲ್ಲೆಲ್ಲ ಭೂತಕಾಲದ್ದೇ ರಾಜ್ಯ.

ಈಗ ಮುಖ್ಯ ವಿಷಯ. ‘ಅಪ್’, ‘ಆನ್’, ‘ಆಫ್’, ‘ಓವರ್’ ಈ ಚಿಕ್ಕ ಪದಗಳು ಎರಡು ಕಡೆ ನೌಕರಿ ಮಾಡುತ್ತವೆ. ಒಮ್ಮೆ ಮುಂದಿರುವ ನಾಮಪದದ ಕಡೆಯವರು. ಇನ್ನೊಮ್ಮೆ ಹಿಂದಿರುವ ಕ್ರಿಯಾಪದದ ಕಡೆಯವರು. ನಾಮಪದದ ಕಡೆ ಇದ್ದಾಗ ಪ್ರಿಪೊಸಿಷನ್, ಕ್ರಿಯಾಪದದ ಕಡೆ ಇದ್ದಾಗ ಪಾರ್ಟಿಕಲ್. ಒಂದೇ ‘ಅಪ್’ ಎರಡೂ ಆಗುವುದನ್ನ ನೋಡ್ರಿ:

‘ಹಿ ರ‍್ಯಾನ್ ಅಪ್ ದ ಹಿಲ್.’ ಗುಡ್ಡ ಹತ್ತಿ ಓಡಿದ.
‘ಹಿ ರ‍್ಯಾನ್ ಅಪ್ ಎ ಬಿಲ್.’ ಖರ್ಚು ಮಾಡಿ ಮಾಡಿ ಬಿಲ್ ಏರಿಸಿಕೊಂಡ.

ನೋಡಲಿಕ್ಕೆ ಅಣ್ಣ ತಮ್ಮ. ಈಗ ಎರಡರಲ್ಲೂ ಕೊನೆಯ ಪದ ತೆಗೆದು ‘ಇಟ್’ ಹಾಕ್ರಿ. ಗುಡ್ಡಕ್ಕೆ ‘ರ‍್ಯಾನ್ ಅಪ್ ಇಟ್’. ಬಿಲ್ಲಿಗೆ ‘ರ‍್ಯಾನ್ ಇಟ್ ಅಪ್’. ಗುಡ್ಡದ ಕಥೆಯಲ್ಲಿ ‘ಅಪ್ ದ ಹಿಲ್’ ಒಂದು ಜೋಡಿ. ಅದನ್ನು ಪೂರಾ ಎತ್ತಿ ವಾಕ್ಯದ ಮುಂದೆ ಇಡಬಹುದು: ‘ಅಪ್ ದ ಹಿಲ್ ಹಿ ರ‍್ಯಾನ್’. ಬಿಲ್ಲಿನಲ್ಲಿ ‘ರ‍್ಯಾನ್ ಅಪ್’ ಜೋಡಿ. ‘ಅಪ್ ಎ ಬಿಲ್ ಹಿ ರ‍್ಯಾನ್’ ಅಂದರೆ ಯಾರಿಗೂ ತಿಳಿಯುವುದಿಲ್ಲ.

ಇನ್ನೊಂದು ಪರೀಕ್ಷೆ: ನಡುವೆ ‘ಕೇರ್‌ಫುಲಿ’ ತೂರಿಸಿ ನೋಡ್ರಿ. ‘ಲುಕ್ಡ್ ಕೇರ್‌ಫುಲಿ ಅಟ್ ಇಟ್’ ನಡೆಯುತ್ತದೆ. ‘ಪಿಕ್ಡ್ ಕೇರ್‌ಫುಲಿ ಅಪ್ ದ ಬುಕ್’ ನಡೆಯುವುದಿಲ್ಲ.

ಮೂರನೇ ಬೆಂಚು

ಮಾಸ್ತರೇ, ಗುಡ್ಡ ಮತ್ತು ಬಿಲ್ ಸೂಪರ್. ಆದರೂ ಒಂದು ಅನುಮಾನ ಉಳಿಯಿತು. ‘ಪಿಕ್ಡ್ ಅಪ್ ದ ಬುಕ್’ ಅನ್ನಬಹುದಾದರೆ ಪಾಪ ‘ಇಟ್’ ಏನು ಮಾಡಿತ್ತು? ಅದಕ್ಕೆ ಮಾತ್ರ ಯಾಕೆ ಈ ಕಟ್ಟುನಿಟ್ಟು?

ಮಾನಸಗಂಗೋತ್ರಿ ನವಿಲು

ಭಾಷಾವಿಜ್ಞಾನ ಓದುತ್ತಿದ್ದೇನೆ. ಈ ಪ್ರಶ್ನೆಗಾಗಿಯೇ ಲಾಗಿನ್ ಆದೆ.

ಇಂಗ್ಲಿಷ್ ವಾಕ್ಯದಲ್ಲಿ ಕೊನೆಯ ಜಾಗಕ್ಕೆ ಬೆಲೆ ಜಾಸ್ತಿ. ಹೊಸ ಸುದ್ದಿ, ಒತ್ತಿ ಹೇಳಬೇಕಾದ ಮಾತು ಅಲ್ಲಿಗೆ ಹೋಗುತ್ತದೆ. ‘ಇಟ್’, ‘ಹಿಮ್’, ‘ದೆಮ್’ ಹಳೆಯ ಸುದ್ದಿ. ಯಾವುದರ ಬಗ್ಗೆ ಮಾತು ಅಂತ ಕೇಳುವವರಿಗೆ ಆಗಲೇ ಗೊತ್ತು. ಅದಕ್ಕೇ ಅವುಗಳನ್ನು ಒತ್ತದೆ, ಮೆಲ್ಲಗೆ ನಡುವೆ ಸೇರಿಸಿ ಮುಂದೆ ಹೋಗುತ್ತಾರೆ. ಕೊನೆಯ ಜಾಗ ‘ಅಪ್’ಗೆ ಸಿಗುತ್ತದೆ, ಒತ್ತೂ ಅದರ ಮೇಲೇ ಬೀಳುತ್ತದೆ.

ಹಾಗಾದರೆ ‘ಲುಕ್ಡ್ ಆಫ್ಟರ್ ಇಟ್’ನಲ್ಲಿ? ಅಲ್ಲಿ ‘ಆಫ್ಟರ್’ ಪ್ರಿಪೊಸಿಷನ್. ಅದು ತನ್ನ ಆಬ್ಜೆಕ್ಟನ್ನು, ಅಂದರೆ ತನಗೆ ಸೇರಿದ ನಾಮಪದವನ್ನು, ಹಿಂದಕ್ಕೆ ಬಿಟ್ಟುಕೊಡುವುದಿಲ್ಲ. ‘ಇಟ್’ ಎಷ್ಟೇ ಹಗುರಾದರೂ ಹಿಡಿದು ಕೂರಿಸಿಕೊಳ್ಳುತ್ತದೆ.

ಇನ್ನು ಕನ್ನಡ. ‘ಪುಸ್ತಕ ಎಲ್ಲಿ?’ ಅಂತ ಅಮ್ಮ ಕೇಳಿದರೆ ನಾವು ಏನಂತೀವಿ? ‘ಎತ್ತಿಟ್ಟೆ.’ ಅಷ್ಟೇ. ‘ನಾನು’ ಇಲ್ಲ, ‘ಅದನ್ನು’ ಇಲ್ಲ. ‘ನಾನು’ ಅನ್ನೋದು ‘ಇಟ್ಟೆ’ಯ ಕೊನೆಯಲ್ಲೇ ಇದೆ. ಇಟ್ಟ, ಇಟ್ಟಳು, ಇಟ್ಟರು ಅಂತ ಯಾರು ಅನ್ನೋದು ಕ್ರಿಯಾಪದದಲ್ಲೇ ಗೊತ್ತಾಗುತ್ತದೆ. ‘ಅದನ್ನು’ ಹಳೆಯ ಸುದ್ದಿ, ಆದ್ದರಿಂದ ಬಿಟ್ಟೇ ಬಿಡುತ್ತೇವೆ. ಇಂಗ್ಲಿಷಿನಲ್ಲಿ ‘ಪುಟ್ ಅವೇ’ ಅಂತ ನಿಲ್ಲಿಸೋಕಾಗಲ್ಲ. ‘ಐ ಪುಟ್ ಇಟ್ ಅವೇ’ ಅನ್ನಲೇಬೇಕು. ಹಳೆಯ ಸುದ್ದಿಯನ್ನು ಕನ್ನಡ ಪೂರ್ತಿ ಬಿಡುತ್ತದೆ, ಇಂಗ್ಲಿಷ್ ಬಿಡಲಾರದೆ ನಡುವೆ ಅಡಗಿಸುತ್ತದೆ. ಮಕ್ಕಳಿಗೆ ನಾನಾದರೆ ಇಲ್ಲಿಂದಲೇ ಶುರು ಮಾಡುತ್ತೇನೆ.

ಇದರದ್ದೇ ಇನ್ನೊಂದು ಮುಖ ಇದೆ. ಆಬ್ಜೆಕ್ಟ್ ಉದ್ದವಾದಷ್ಟೂ ಕೊನೆಗೆ ಹೋಗುತ್ತದೆ. ‘ಪಿಕ್ಡ್ ಅಪ್ ದ ಬುಕ್ಸ್ ದಟ್ ಹರ್ ಬ್ರದರ್ ಹ್ಯಾಡ್ ಲೆಫ್ಟ್ ಆನ್ ದ ಬಸ್’ ಸಲೀಸು. ಇದರಲ್ಲಿ ‘ಅಪ್’ ಅನ್ನು ಬಸ್ಸಿನ ಆಚೆ ಇಟ್ಟು ನೋಡಿ, ಉಸಿರು ಕಟ್ಟುತ್ತದೆ.

ಬೆಣ್ಣೆದೋಸೆ ಟೀಚರ್, ದಾವಣಗೆರೆ

‘ಎತ್ತಿಟ್ಟೆ’ ತುಂಬಾ ಹಿಡಿಸಿತು. ಇವತ್ತೇ ಬಳಸ್ತೀನಿ. ಆದರೆ ಹೊಸ ಪದ ಸಿಕ್ಕಾಗ ಮಕ್ಕಳೇ ಯಾವ ಜಾತಿ ಅಂತ ಕಂಡುಹಿಡಿಯೋದು ಹೇಗೆ? ಗುಡ್ಡದ ಪರೀಕ್ಷೆ ಎಲ್ಲರ ಕೈಲೂ ಆಗಲ್ಲ. ವಾಕ್ಯ ಸರಿಯೋ ತಪ್ಪೋ ಅಂತ ಕಿವಿಗೆ ಗೊತ್ತಿದ್ದರೆ ತಾನೇ ಪರೀಕ್ಷೆ?

ಸಾಧನಕೇರಿ ಮಾಸ್ತರ

ಅದೂ ಖರೆ. ಡಿಕ್ಷನರಿ ತೆಗೆಸ್ರಿ. ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್ ಡಿಕ್ಷನರಿಯಲ್ಲಿ ಬೇರೆಯಾಗುವ ಜೋಡಿಗಳಿಗೆ ಎರಡೂ ಕಡೆ ಮೂತಿ ಇರುವ ಬಾಣದ ಗುರುತು ಹಾಕಿರುತ್ತಾರೆ. ಬಾಣ ಇದ್ದರೆ ‘ಇಟ್’ ನಡುವೆ. ‘ಲುಕ್ ಆಫ್ಟರ್’ಗೆ ಆ ಬಾಣ ಇರುವುದಿಲ್ಲ. ಗೈಡಿನ ಪಟ್ಟಿಗಿಂತ ಇದು ವಾಸಿ.

ಸುಮಾರಾಗಿ ಒಂದು ಅಂದಾಜೂ ಇದೆ. ‘ಅಟ್’, ‘ಫಾರ್’, ‘ಟು’, ‘ವಿತ್’, ‘ಆಫ್ಟರ್’, ‘ಇನ್‌ಟು’ ಬಂದರೆ ‘ಇಟ್’, ‘ಹಿಮ್’ ಥರದ ಪ್ರೊನೌನ್ ಕೊನೆಗೇ: ‘ಲಾಫ್ಡ್ ಅಟ್ ಹಿಮ್’, ‘ವೇಟೆಡ್ ಫಾರ್ ಹರ್’, ‘ರ‍್ಯಾನ್ ಇನ್‌ಟು ದೆಮ್’. ‘ಅಪ್’, ‘ಔಟ್’, ‘ಅವೇ’, ‘ಬ್ಯಾಕ್’, ‘ಡೌನ್’ ಬಂದರೆ ಹೆಚ್ಚಿನ ಸಲ ನಡುವೆ: ‘ಥ್ರೂ ಇಟ್ ಅವೇ’, ‘ಗೇವ್ ಇಟ್ ಬ್ಯಾಕ್’, ‘ರೋಟ್ ಇಟ್ ಡೌನ್’. ‘ಆನ್’, ‘ಆಫ್’, ‘ಓವರ್’ ಮಾತ್ರ ಎರಡೂ ಮನೆಯ ನೆಂಟರು. ‘ಟರ್ನ್ಡ್ ಇಟ್ ಆನ್’ ಅಂದರೆ ಸ್ವಿಚ್ ಹಾಕಿದ. ‘ಟರ್ನ್ಡ್ ಆನ್ ಹಿಮ್’ ಅಂದರೆ ಅವನ ಮೇಲೆ ತಿರುಗಿಬಿದ್ದ.

ಹೆಡ್‌ಸೆಟ್ ಹನುಮ

ಕಾಲ್ ಸೆಂಟರಿನಲ್ಲಿ ಉಚ್ಚಾರಣೆ ತರಬೇತಿ ಕೊಡೋದು ನನ್ನ ಕೆಲಸ. ಬರೆಯೋದು ಬಿಡಿ, ಕೇಳಿಸಿಕೊಳ್ಳೋದೇ ದೊಡ್ಡ ಕಷ್ಟ. ಅಮೆರಿಕದ ಗ್ರಾಹಕರು ‘ಪಿಕ್ಡ್ ಇಟ್ ಅಪ್’ ಅಂತ ಬಿಡಿಸಿ ಹೇಳಲ್ಲ. ‘ಪಿಕ್ಟಿಡಪ್’ ಅಂತ ಒಂದೇ ಉಸಿರಲ್ಲಿ ಬರುತ್ತೆ. ಹೊಸ ಹುಡುಗರು ಅದು ಯಾವುದೋ ಪ್ರಾಡಕ್ಟಿನ ಹೆಸರು ಅಂದುಕೊಳ್ತಾರೆ.

ಮೊದಲು ‘ಇಡಿ’ಯ ಮೂರು ದನಿ ಸರಿ ಮಾಡಿಕೊಳ್ಳಬೇಕು. ಪ, ಕ, ಸ, ಶ, ಚ, ಫ ಥರದ ದನಿಯಲ್ಲಿ ಮುಗಿಯುವ ಪದಕ್ಕೆ ‘ಟ್’ ಸೇರುತ್ತೆ: ಪಿಕ್ಟ್, ಲುಕ್ಟ್, ಲಾಫ್ಟ್. ಪದವೇ ಟ ಅಥವಾ ಡ ದನಿಯಲ್ಲಿ ಮುಗಿದರೆ ‘ಇಡ್’: ವೇಟಿಡ್, ನೀಡಿಡ್. ಉಳಿದದ್ದಕ್ಕೆಲ್ಲ ‘ಡ್’: ಟರ್ನ್ಡ್, ಕಾಲ್ಡ್. ನಮ್ಮವರು ‘ಲುಕ್ಕೆಡ್’, ‘ಆಸ್ಕೆಡ್’ ಅಂತ ಎಲ್ಲ ಕಡೆ ‘ಎಡ್’ ಹಾಕೋದಕ್ಕೆ ಕಾರಣ ಇದೆ. ಕನ್ನಡದ ಪದ ಹೆಚ್ಚುಕಡಿಮೆ ಸ್ವರದಲ್ಲೇ ಮುಗಿಯುತ್ತೆ. ಮೂರು ವ್ಯಂಜನ ಒಟ್ಟಿಗೆ ಕೊನೆಯಲ್ಲಿ ಬಂದರೆ ನಾಲಿಗೆ ನಡುವೆ ಒಂದು ಸ್ವರ ಹುಡುಕುತ್ತೆ.

ಪ್ರೊನೌನ್ ಇಲ್ಲೇ ಕೈ ಹಿಡಿಯುತ್ತೆ. ‘ಆಸ್ಕ್ಡ್’ ಒಂದೇ ಹೇಳೋದು ಕಷ್ಟ. ‘ಆಸ್ಕ್ಡ್ ಹಿಮ್’ ಸುಲಭ. ಯಾಕೆಂದರೆ ಮಾತಿನ ಓಘದಲ್ಲಿ ‘ಹಿಮ್’, ‘ಹರ್’ಗಳ ಹಕಾರ ಬಿದ್ದುಹೋಗುತ್ತೆ. ‘ಆಸ್ಕ್-ಟಿಮ್’, ‘ಟೋಲ್-ಡರ್’ ಆಗುತ್ತೆ. ಕೊನೆಯ ‘ಟ್’, ‘ಡ್’ಗೆ ಮುಂದಿನ ಸ್ವರ ಸಿಕ್ಕಿತು ನೋಡಿ. ಇದು ನಮಗೇನು ಹೊಸದಲ್ಲ. ‘ಎಲ್ಲಿ ಇಟ್ಟೆ’ ಅಂತ ಯಾರು ಅಂತಾರೆ? ‘ಎಲ್ಲಿಟ್ಟೆ’ ತಾನೇ?

ಇನ್ನೊಂದು. ‘ಪಿಕ್ಟಿಡಪ್’ನಲ್ಲಿ ‘ಅಪ್’ ಗಟ್ಟಿಯಾಗಿ ಕೇಳುತ್ತೆ. ‘ಲುಕ್ಟಟಿಟ್’ನಲ್ಲಿ ‘ಲುಕ್’ ಗಟ್ಟಿ, ‘ಅಟ್’ ಬರೀ ಗೊಣಗಾಟ. ಮೇಲೆ ನವಿಲು ಹೇಳಿದ ಒತ್ತಿನ ವಿಷಯ ರೆಕಾರ್ಡಿಂಗ್ ಹಾಕಿದರೆ ಹತ್ತು ಸೆಕೆಂಡಿನಲ್ಲಿ ಅರ್ಥವಾಗುತ್ತೆ. ಮೇಡಂ, ಮಕ್ಕಳಿಗೆ ಎರಡನ್ನೂ ಮೇಜು ತಟ್ಟುತ್ತಾ ಹೇಳಿಸಿ.

ಜಯನಗರ ನಾಲ್ಕನೇ ಬ್ಲಾಕ್

ಇಷ್ಟೆಲ್ಲ ಯಾಕೆ ಸ್ವಾಮಿ? ‘ವಿ ಡಿಸ್ಕಸ್ಡ್ ಅಬೌಟ್ ಇಟ್’ ಅಂತ ದಿನಾ ಮೀಟಿಂಗಲ್ಲಿ ಹೇಳ್ತೀವಿ. ಯಾರಿಗೂ ಅರ್ಥವಾಗದೆ ಹೋಗಿಲ್ಲ. ಸಂಬಳವೂ ಬರ್ತಿದೆ. ಇದು ಇಂಡಿಯನ್ ಇಂಗ್ಲಿಷ್ ಅಂತ ಒಪ್ಪಿಕೊಂಡರೆ ಮುಗೀತು.

ಸಾಧನಕೇರಿ ಮಾಸ್ತರ

ಮೀಟಿಂಗಿಗೆ ನನ್ನದೇನೂ ತಕರಾರಿಲ್ಲ. ಪರೀಕ್ಷೆಯಲ್ಲಿ ಮಾರ್ಕ್ಸ್ ಕಟ್ ಆಗುತ್ತದೆ, ಅಷ್ಟೇ. ‘ಡಿಸ್ಕಸ್ಡ್ ಅಬೌಟ್’ ನಮ್ಮವರದ್ದು ಮಾತ್ರ ಅಲ್ಲ, ಆಫ್ರಿಕಾದ ನೈಜೀರಿಯಾದಲ್ಲೂ ಕೇಳಿಬರುತ್ತದೆ. ‘ಟಾಕ್ಡ್ ಅಬೌಟ್ ಇಟ್’ ಸರಿ ಇದ್ದ ಮೇಲೆ ‘ಡಿಸ್ಕಸ್ಡ್ ಅಬೌಟ್ ಇಟ್’ ಯಾಕಿಲ್ಲ ಅಂತ ಜನ ಅಂದುಕೊಳ್ಳುವುದು ಸಹಜ. ನಮಗೆ ಜೊತೆಗೆ ‘ಅದರ ಬಗ್ಗೆ ಚರ್ಚಿಸಿದೆವು’ ಅನ್ನುವ ರೂಢಿಯ ಬೆಂಬಲವೂ ಉಂಟು.

ಮೂರನೇ ಬೆಂಚು

ಹಾಗಾದರೆ ನಮ್ಮ ವಿಭಕ್ತಿಯಿಂದ ಬರುವ ತಪ್ಪುಗಳನ್ನ ಒಂದು ಕಡೆ ಹಾಕಿ ನೋಡೋಣ. ‘ನನಗೆ ಹೇಳಿದ’ಯಿಂದ ‘ಟೋಲ್ಡ್ ಟು ಮಿ’. ‘ಅವಳ ಜೊತೆ ಮದುವೆಯಾದ’ದಿಂದ ‘ಮ್ಯಾರೀಡ್ ವಿತ್ ಹರ್’. ‘ಅವನಿಗೆ ಫೋನ್ ಮಾಡಿದೆ’ಯಿಂದ ‘ಕಾಲ್ಡ್ ಟು ಹಿಮ್’. ಉಲ್ಟಾನೂ ಇದೆ. ‘ಅವನನ್ನು ಕಾದೆ’ ಅನ್ನುವ ಹುಡುಗ ‘ವೇಟೆಡ್ ಹಿಮ್’ ಬರೀತಾನೆ. ನನ್ನ ಪ್ರಕಾರ ಎಲ್ಲಕ್ಕಿಂತ ಕಾಟ ಕೊಡೋದು ‘ಕೇಳಿದೆ’.

ಮಾನಸಗಂಗೋತ್ರಿ ನವಿಲು

ಹೌದು! ‘ಕೇಳಿದೆ’ ಒಂದಕ್ಕೇ ಒಂದು ಪಾಠ ಮಾಡಬಹುದು. ಸದ್ದು ಕೇಳಿದೆ: ‘ಹರ್ಡ್ ಇಟ್’. ಹಾಡು ಕೇಳಿದೆ: ‘ಲಿಸನ್ಡ್ ಟು ಇಟ್’. ಅವನನ್ನು ಕೇಳಿದೆ: ‘ಆಸ್ಕ್ಡ್ ಹಿಮ್’. ಅವನ ಹತ್ರ ಸಾಲ ಕೇಳಿದೆ: ‘ಆಸ್ಕ್ಡ್ ಹಿಮ್ ಫಾರ್ ಎ ಲೋನ್’. ಅವನ ಬಗ್ಗೆ ಕೇಳಿದೆ: ಇದು ಎರಡು ಥರ. ವಿಚಾರಿಸಿದ್ದಾದರೆ ‘ಆಸ್ಕ್ಡ್ ಅಬೌಟ್ ಹಿಮ್’, ಸುದ್ದಿ ಕಿವಿಗೆ ಬಿದ್ದದ್ದಾದರೆ ‘ಹರ್ಡ್ ಅಬೌಟ್ ಹಿಮ್’.

ಕನ್ನಡದಲ್ಲಿ ಕ್ರಿಯಾಪದ ಒಂದೇ, ಕೆಲಸ ಹಂಚೋದು ಜೊತೆಗಿರುವ ನಾಮಪದ ಮತ್ತು ಅದರ ವಿಭಕ್ತಿ. ಇಂಗ್ಲಿಷ್ ಕ್ರಿಯಾಪದವನ್ನೇ ಬದಲಿಸುತ್ತದೆ, ಮೇಲೊಂದು ಪ್ರಿಪೊಸಿಷನ್ ಬೇರೆ. ‘ಆಸ್ಕ್ಡ್ ಹಿಮ್ ಎ ಲೋನ್’ ಅಂತ ಬರೆಯುವ ಮಗುವಿಗೆ ವ್ಯಾಕರಣ ಬರಲ್ಲ ಅಂತಲ್ಲ. ಕನ್ನಡದ ವ್ಯಾಕರಣ ಚೆನ್ನಾಗಿ ಬರುತ್ತೆ ಅಂತ.

ಯಾರ್ಕ್‌ಷೈರ್ ಅಕ್ಕ

ಮೂಲ ತೀರ್ಥಹಳ್ಳಿ, ಈಗ ಲೀಡ್ಸ್. ಇಲ್ಲಿಯವರ ಇಂಗ್ಲಿಷ್ ಕೇಳಿದರೆ ನಿಮ್ಮ ಗೈಡಿನವರು ತಲೆ ಮೇಲೆ ಕೈ ಹೊತ್ತುಕೊಳ್ಳುತ್ತಾರೆ. ‘ಹಿ ಗೇವ್ ಇಟ್ ಟು ಮಿ’ ಅಂತ ಪುಸ್ತಕದಲ್ಲಿದೆ. ಇಲ್ಲಿ ಪಕ್ಕದ ಮನೆಯ ಅಜ್ಜಿ ‘ಹಿ ಗೇವ್ ಇಟ್ ಮಿ’ ಅಂತಾರೆ. ‘ಟು’ ಮಾಯ. ಇನ್ನೊಂದು ಮಜಾ ಅಂದರೆ ‘ಗಿವ್ ಅಸ್ ಇಟ್’. ‘ಅಸ್’ ಅಂದರೆ ನಮಗೆ ಅಲ್ಲ, ನನಗೆ! ಉತ್ತರ ಇಂಗ್ಲೆಂಡಿನಲ್ಲಿ ಇದೆಲ್ಲ ಮಾಮೂಲು. ಇಂಗ್ಲಿಷರಿಗೇ ಇಂಗ್ಲಿಷ್ ಬರಲ್ಲ ಅಂತ ನಗಬೇಡಿ, ಅದು ಅವರ ಊರ ಮಾತು. ನಾವು ‘ಹೋಯಿತ್ತೇ’ ಅಂದ ಹಾಗೆ.

ಬೆಣ್ಣೆದೋಸೆ ಟೀಚರ್, ದಾವಣಗೆರೆ

ಅಕ್ಕಾ, ಇದನ್ನ ಮಕ್ಕಳಿಗೆ ಹೇಳಲ್ಲ. ಹೇಳಿದರೆ ಪೇಪರಲ್ಲಿ ‘ಗೇವ್ ಇಟ್ ಮಿ’ ಬರೆದು ಲೀಡ್ಸ್ ಅಂತ ವಾದ ಮಾಡ್ತಾರೆ.

ಎರಡು ಪ್ರೊನೌನ್ ಬಂದಾಗ ‘ಗೇವ್ ಇಟ್ ಟು ಹಿಮ್’ ಅಂತಲೇ ಕಲಿಸ್ತೀನಿ. ಆದರೆ ‘ಗೇವ್ ಹಿಮ್ ದ ಬುಕ್’ ಕಲಿತ ಮೇಲೆ ‘ಎಕ್ಸ್‌ಪ್ಲೇನ್ಡ್ ಮಿ ದ ಸಮ್’ ಬರುತ್ತೆ. ಇದಕ್ಕೆ ಏನಾದರೂ ಹಿಡಿತ ಇದೆಯಾ? ಹಾಗೇ ‘ಡಿಡಂಟ್ ಪಿಕ್ಡ್ ಇಟ್ ಅಪ್’ ಕೂಡ ಪ್ರತಿ ಪೇಪರಲ್ಲೂ ಇರುತ್ತೆ. ‘ಡಿಡ್’ ಬಂದ ಮೇಲೆ ಮತ್ತೆ ‘ಪಿಕ್ಡ್’ ಬೇಡ ಅಂತ ಹೇಳಿ ಹೇಳಿ ಗಂಟಲು ಹೋಯ್ತು.

ಮಾನಸಗಂಗೋತ್ರಿ ನವಿಲು

‘ಎಕ್ಸ್‌ಪ್ಲೇನ್’, ‘ಡಿಸ್ಕ್ರೈಬ್’, ‘ಸಜೆಸ್ಟ್’, ‘ಡೊನೇಟ್’ ಲ್ಯಾಟಿನ್ ಮೂಲದಿಂದ ಬಂದ ಉದ್ದುದ್ದ ಪದಗಳು. ಇವಕ್ಕೆ ವ್ಯಕ್ತಿಗೆ ಮೊದಲು ‘ಟು’ ಬೇಕೇ ಬೇಕು: ‘ಎಕ್ಸ್‌ಪ್ಲೇನ್ಡ್ ಇಟ್ ಟು ಮಿ’. ‘ಗಿವ್’, ‘ಟೆಲ್’, ‘ಸೆಂಡ್’, ‘ಶೋ’, ‘ಟೀಚ್’ ಚಿಕ್ಕ ಪದಗಳು, ಇವಕ್ಕೆ ‘ಮಿ’ ನೇರ ಅಂಟುತ್ತದೆ. ಅಪವಾದ ಇವೆ. ‘ಪ್ರಾಮಿಸ್ಡ್ ಮಿ’, ‘ಆಫರ್ಡ್ ಮಿ’ ಸರಿ. ‘ಸೇ’ ಪುಟ್ಟ ಪದ, ಆದರೂ ‘ಸೆಡ್ ಮಿ’ ತಪ್ಪು. ಹತ್ತನೇ ಕ್ಲಾಸಿಗೆ ಈ ಅಂದಾಜು ಸಾಕು.

‘ಡಿಡಂಟ್ ಪಿಕ್ಡ್’ಗೆ ಕನ್ನಡವೇ ಔಷಧಿ. ‘ಹೋದೆ’, ‘ಹೋದಳು’, ‘ಹೋದರು’. ಈಗ ಇಲ್ಲ ಅನ್ನಿ. ‘ಹೋಗಲಿಲ್ಲ.’ ‘ಹೋದಲಿಲ್ಲ’ ಅಂತ ಯಾವ ಮಗುವೂ ಅನ್ನಲ್ಲ. ‘ಲಿಲ್ಲ’ ಬಂದ ಕೂಡಲೇ ‘ಹೋದ’ ತನ್ನ ಭೂತಕಾಲ ಕಳಚಿ ‘ಹೋಗು’ ಕಡೆಗೆ ವಾಪಸ್. ‘ಡಿಡಂಟ್’ ಬಂದಾಗ ‘ವೆಂಟ್’ ಕೂಡ ‘ಗೋ’ ಆಗುತ್ತದೆ. ಒಂದು ವ್ಯತ್ಯಾಸ ಇದೆ. ಕನ್ನಡದಲ್ಲಿ ಆಗ ಯಾರು ಅನ್ನೋ ಗುರುತೂ ಹೋಗುತ್ತದೆ. ನಾನು ಹೋಗಲಿಲ್ಲ, ಅವಳು ಹೋಗಲಿಲ್ಲ. ಅಲ್ಲಿ ನಮಗೂ ಇಂಗ್ಲಿಷರ ಹಾಗೆ ‘ನಾನು’, ‘ಅವಳು’ ಬೇಕಾಗುತ್ತದೆ.

ಸಾಧನಕೇರಿ ಮಾಸ್ತರ

ಭೇಷ್. ‘ಹೋದಲಿಲ್ಲ’ ನಾನು ಕದ್ದೆ.

ಹಳೆಯ ಇಂಗ್ಲಿಷಿನ ಒಂದು ಸಂಗತಿ ಹೇಳಿಬಿಡುತ್ತೇನೆ, ಪರೀಕ್ಷೆಗೆ ಬರುವುದಿಲ್ಲ. ಹಿಂದೆ ಅವರಲ್ಲೂ ವಿಭಕ್ತಿ ಇತ್ತು. ‘ಅವನನ್ನು’ ಅನ್ನಲಿಕ್ಕೆ ‘ಹಿನೆ’, ‘ಅವನಿಗೆ’ ಅನ್ನಲಿಕ್ಕೆ ‘ಹಿಮ್’. ಕಾಲ ಕಳೆದಂತೆ ‘ಹಿನೆ’ ಹೋಯಿತು, ‘ಹಿಮ್’ ಎರಡೂ ಕೆಲಸಕ್ಕೆ ಉಳಿಯಿತು. ಪ್ರತ್ಯಯ ಉದುರಿದಷ್ಟೂ ಪದ ಕೂರುವ ಜಾಗ ಮತ್ತು ಪ್ರಿಪೊಸಿಷನ್ ಮೇಲೆ ಭಾರ ಬಿತ್ತು.

ಆ ಕಾಲದ ಒಂದು ಅವಶೇಷ ಶೇಕ್ಸ್‌ಪಿಯರ್ ನಾಟಕಗಳಲ್ಲಿ ಸಿಗುತ್ತದೆ: ‘ಮಿಥಾಟ್’. ಜನ ಇದನ್ನು ‘ಐ ಥಾಟ್’ ಅಂದುಕೊಳ್ಳುತ್ತಾರೆ. ಆಗ ಎರಡು ಕ್ರಿಯಾಪದ ಇದ್ದವು, ಒಂದು ‘ಯೋಚಿಸು’, ಇನ್ನೊಂದು ‘ಅನ್ನಿಸು’. ‘ಮಿಥಾಟ್’ ಎರಡನೆಯದು. ‘ಮಿ’ ಅಂದರೆ ಇಲ್ಲಿ ನನಗೆ. ಅಂದರೆ ಅಕ್ಷರಶಃ ‘ನನಗನ್ನಿಸಿತು’! ಅದನ್ನು ಅವರು ಬಿಟ್ಟರು. ನಾವು ಇವತ್ತೂ ದಿನಾ ಹೇಳುತ್ತೇವೆ.

ಹೆಡ್‌ಸೆಟ್ ಹನುಮ

ಇನ್ನೊಂದು ತಪ್ಪು ಯಾರೂ ಎತ್ತಲಿಲ್ಲ. ‘ಐ ಟುಕ್ ದ ಲ್ಯಾಪ್‌ಟಾಪ್ ವಿತ್ ಮೈಸೆಲ್ಫ್.’ ‘ವಿತ್ ಮಿ’ ಸಾಕು. ‘ಹಿ ಪುಟ್ ದ ಬ್ಯಾಗ್ ಬಿಸೈಡ್ ಹಿಮ್’, ಇಲ್ಲೂ ‘ಹಿಮ್‌ಸೆಲ್ಫ್’ ಬೇಡ. ಎಲ್ಲಿ, ಯಾರ ಪಕ್ಕ ಅಂತ ಜಾಗ ಹೇಳುವಾಗ ಸಾದಾ ಪ್ರೊನೌನ್ ಬಳಸ್ತಾರೆ.

ಮೂರನೇ ಬೆಂಚು

ನಮ್ಮಲ್ಲಿ ‘ತನ್ನ ಪಕ್ಕ ಇಟ್ಟುಕೊಂಡ’ ಅಲ್ವಾ? ‘ತನ್ನ’ ಒಂದು, ‘ಕೊಂಡ’ ಇನ್ನೊಂದು. ಎರಡೆರಡು ಸಲ ಸ್ವಂತಕ್ಕೆ ಅಂತ ಹೇಳಿದ ಮೇಲೆ ಬರೀ ‘ಹಿಮ್’ ಬರೆದರೆ ಏನೋ ಕಡಿಮೆಯಾದ ಹಾಗೆ. ‘ರಾಜು ರವಿಯನ್ನು ತನ್ನ ಮನೆಗೆ ಕರೆದೊಯ್ದ’ ಅಂದರೆ ರಾಜು ಮನೆ ಅಂತ ನಮಗೆ ಗೊತ್ತು. ‘ರಾಜು ಟುಕ್ ರವಿ ಟು ಹಿಸ್ ಹೌಸ್’ ಅಂದರೆ ಯಾರ ಮನೆ ಅಂತ ಇಂಗ್ಲಿಷರೇ ಕೇಳಿ ತಿಳಿಯಬೇಕು.

ಜಯನಗರ ನಾಲ್ಕನೇ ಬ್ಲಾಕ್

ಸರಿ, ನಾನೂ ಒಂದು ಕೇಳ್ತೀನಿ. ಇನ್ಶೂರೆನ್ಸ್ ಕ್ಲೇಮಿಗೆ ಬರೀಬೇಕು. ನಿಲ್ಲಿಸಿದ್ದ ಸೈಕಲ್ ಮೇಲೆ ಲಾರಿ ಹರಿಯಿತು. ‘ರ‍್ಯಾನ್ ಓವರ್ ಇಟ್’ ಸರಿನಾ, ‘ರ‍್ಯಾನ್ ಇಟ್ ಓವರ್’ ಸರಿನಾ?

ಸಾಧನಕೇರಿ ಮಾಸ್ತರ

ಎರಡೂ ಸರಿ. ಸೈಕಲ್ಲಿಗೆ ‘ರ‍್ಯಾನ್ ಓವರ್ ಇಟ್’ ಬರೆಯಿರಿ. ‘ರ‍್ಯಾನ್ ಹಿಮ್ ಓವರ್’ ಅಂತ ನಡುವೆ ಇಡುವುದು ಹೆಚ್ಚಾಗಿ ಮನುಷ್ಯ, ಪ್ರಾಣಿ ಸಿಕ್ಕಿಬಿದ್ದಾಗ. ಪ್ಯಾಸಿವ್ ಮಾಡಿದರೆ ‘ವಾಸ್ ರನ್ ಓವರ್’, ‘ವಾಸ್ ರ‍್ಯಾನ್ ಓವರ್’ ಅಲ್ಲ.

ಬೆಣ್ಣೆದೋಸೆ ಟೀಚರ್, ದಾವಣಗೆರೆ

ಕೊನೆಯದೊಂದು. ಮೂರು ಪದದ ಜೋಡಿ ಬಂದರೆ? ‘ಪುಟ್ ಅಪ್ ವಿತ್ ಹಿಮ್’ ಥರ?

ಮಾನಸಗಂಗೋತ್ರಿ ನವಿಲು

ಮೇಲಿನ ನಿಯಮವೇ. ‘ಅಪ್’ ಪಾರ್ಟಿಕಲ್, ‘ವಿತ್’ ಪ್ರಿಪೊಸಿಷನ್. ‘ಹಿಮ್’ ಸೇರಿದ್ದು ‘ವಿತ್’ಗೆ, ಹಾಗಾಗಿ ಕೊನೆಯಲ್ಲೇ. ‘ಲುಕ್ಡ್ ಫಾರ್ವರ್ಡ್ ಟು ಇಟ್’, ‘ರ‍್ಯಾನ್ ಔಟ್ ಆಫ್ ಇಟ್’ ಎಲ್ಲ ಹೀಗೇ.

ಆದರೆ ಎರಡು ಪ್ರೊನೌನ್ ಬಂದರೆ ಚಂದ ನೋಡಿ. ಆಫೀಸಿನ ಸಿಟ್ಟನ್ನು ನನ್ನ ಮೇಲೆ ತೀರಿಸಿಕೊಂಡ: ‘ಹಿ ಟುಕ್ ಇಟ್ ಔಟ್ ಆನ್ ಮಿ’. ‘ಔಟ್’ ಪಾರ್ಟಿಕಲ್, ಅದಕ್ಕೆ ‘ಇಟ್’ ನಡುವೆ ಹೋಯಿತು. ‘ಆನ್’ ಪ್ರಿಪೊಸಿಷನ್, ಅದಕ್ಕೆ ‘ಮಿ’ ಅದರ ನಂತರ ಬಂತು. ಬೋರ್ಡ್ ಮೇಲೆ ಇದೊಂದನ್ನು ಬರೆದು, ಯಾವ ಪ್ರೊನೌನ್ ಯಾಕೆ ಎಲ್ಲಿ ಕೂತಿದೆ ಅಂತ ಮಕ್ಕಳನ್ನೇ ಕೇಳಿ. ಅದು ಬಂದರೆ ‘ಪುಟ್ ಹಿಮ್ ಅಪ್ ಟು ಇಟ್’ ಕೊಡಿ. ಅವನನ್ನು ಎತ್ತಿಕಟ್ಟಿ ಆ ಕೆಲಸ ಮಾಡಿಸಿದ ಅಂತ ಅರ್ಥ. ಅರ್ಥ ಮೊದಲೇ ಹೇಳಿಬಿಡಿ, ಜಾಗ ಅವರೇ ಬಿಡಿಸಲಿ.